ಕ್ಯಾಮೆರಾ ಹಿಡಿಯುವವರಿಗೆ ಸಂಬಳ ಯಾರು ಕೊಡುತ್ತಾರೆ?

ಆಸ್ಪತ್ರೆಗೆ ಎಐ ಬಂತು ಅನ್ನುವ ಸುದ್ದಿಯಲ್ಲಿ ಮೊದಲು ಕಾಣುವುದು ಪರ್ಸೆಂಟೇಜ್. ಇಷ್ಟು ನಿಖರ, ಡಾಕ್ಟರಿಗಿಂತ ಜಾಸ್ತಿ ನಿಖರ ಅಂತ. ನಾನೂ ಹೊಟ್ಟೆಪಾಡಿಗೆ ಡೇಟಾ ಜೊತೆ ಏಗುವವನೇ. ಆದರೆ ಆ ಸಂಖ್ಯೆ ನೋಡಿದರೆ ಈಗೀಗ ಖುಷಿಯಾಗುವುದಿಲ್ಲ. ಯಂತ್ರ ನೋಡುವ ಫೋಟೊ ತೆಗೆದವರು ಯಾರು, ರಿಪೋರ್ಟ್ ಬಂದ ಮೇಲೆ ರೋಗಿ ಎಲ್ಲಿಗೆ ಹೋಗಬೇಕು, ಅದನ್ನು ಯಾರೂ ಬರೆಯುವುದಿಲ್ಲ.

ನಮ್ಮಲ್ಲೇ ಒಂದು ಒಳ್ಳೆ ಕೆಲಸ ಆಗಿದೆ. ಯಾಕೋ ಅದರ ಬಗ್ಗೆ ಮಾತು ಕಡಿಮೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ತಂಡ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್, ಅಂದರೆ ಹಸುಗೂಸುಗಳ ಕಣ್ಣು ಪರೀಕ್ಷಿಸುವ ಯೋಜನೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಕೆಲವು ಮಕ್ಕಳಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆದು ಕಿತ್ತುಬಿಡುತ್ತವೆ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಮಗು ಮುಖ ಗುರುತಿಸುತ್ತಿಲ್ಲ ಅಂತ ಮನೆಯವರಿಗೆ ಅನುಮಾನ ಬರುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಅದಕ್ಕೇ ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷೆ ಆಗಲೇಬೇಕು. ಕಾಯಿಲೆ ಜೋರಾಗಿದ್ದರೆ ಎರಡು ಮೂರು ದಿನದಲ್ಲಿ ಲೇಸರ್ ಮಾಡಬೇಕು.

ಈಗ ಯೋಚಿಸಿ. ಬೆಂಗಳೂರಿನಿಂದ ನಾನೂರು ಕಿಲೋಮೀಟರ್ ದೂರದ ಹಳ್ಳಿಯ ಹಸಿ ಬಾಣಂತಿ, ಒಂದೂವರೆ ಕೆ.ಜಿ. ಮಗು ಎತ್ತಿಕೊಂಡು ರಾತ್ರಿ ಬಸ್ ಹತ್ತುತ್ತಾಳಾ? ಮನೆಯ ಹಿರಿಯರು ಹೊಸ್ತಿಲು ದಾಟಲು ಬಿಡುತ್ತಾರಾ? ಒಂದು ವಾರದ ಕೂಲಿ ಬಿಟ್ಟು ಗಂಡ ಜೊತೆಗೆ ಬರುತ್ತಾನಾ?

ಕಿಡ್‌ರಾಪ್‌ನವರು ಕ್ಯಾಮೆರಾವನ್ನೇ ಗಾಡಿಗೆ ಹಾಕಿಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೊರಟರು. ಫೋಟೊ ತೆಗೆಯುವವರು ಡಾಕ್ಟರಲ್ಲ, ತರಬೇತಿ ಪಡೆದ ಟೆಕ್ನಿಷಿಯನ್‌ಗಳು. ಮೊದಲ ನೋಟಕ್ಕೆ ಕೆಂಪು, ಕಿತ್ತಳೆ, ಹಸಿರು ಅಂತ ವಿಂಗಡಿಸುವವರೂ ಅವರೇ. ಕೆಂಪು ಅಂದರೆ ತಕ್ಷಣ ಚಿಕಿತ್ಸೆ. ಎಲ್ಲೋ ಇರುವ ತಜ್ಞರು ಫೋನಿನಲ್ಲೇ ಚಿತ್ರ ನೋಡಿ ವರದಿ ಕೊಡುತ್ತಾರೆ. ಸರ್ಕಾರದ ಗ್ರಾಮೀಣ ಆರೋಗ್ಯ ಅಭಿಯಾನವೂ ಕೈಜೋಡಿಸಿತು. ಶುರುವಾದಾಗ ಇದರಲ್ಲಿ ಎಐ ಅನ್ನುವ ಮಾತೇ ಇರಲಿಲ್ಲ. ಆದರೂ ಮಕ್ಕಳ ಕಣ್ಣು ಉಳಿಯಿತು.

ಇನ್ನೊಂದು ಕಥೆ ಗೂಗಲ್‌ನದು. ಶುಗರ್ ಇರುವವರ ರೆಟಿನಾ ಹಾಳಾಗಿದೆಯಾ ಅಂತ ಫೋಟೊ ನೋಡಿ ಹೇಳುವ ಪ್ರೋಗ್ರಾಮ್ ಮಾಡಿ 2016ರಲ್ಲಿ ಪ್ರಕಟಿಸಿದರು. ಅದು ಕಲಿತದ್ದು 1,28,175 ಫೋಟೊಗಳಿಂದ. ಅಮೆರಿಕದ ಫೋಟೊಗಳ ಜೊತೆಗೆ ನಮ್ಮ ದೇಶದ ಅರವಿಂದ್ ಕಣ್ಣಿನ ಆಸ್ಪತ್ರೆ, ಶಂಕರ ನೇತ್ರಾಲಯ ಮತ್ತು ಇದೇ ನಾರಾಯಣ ನೇತ್ರಾಲಯದ ಫೋಟೊಗಳೂ ಅದರಲ್ಲಿದ್ದವು. ಫಲಿತಾಂಶ ನಿಜಕ್ಕೂ ಅದ್ಭುತ. ಆಮೇಲೆ ಅದನ್ನು ಥಾಯ್ಲೆಂಡಿನ 11 ಕ್ಲಿನಿಕ್‌ಗಳಲ್ಲಿ ಬಳಸಿ ನೋಡಿದರು. ಅಲ್ಲಿ ಫೋಟೊ ತೆಗೆಯುವವರು ನರ್ಸ್‌ಗಳು. ಕತ್ತಲೆ ಕೋಣೆ ಎಲ್ಲ ಕಡೆ ಇಲ್ಲ, ಇಂಟರ್‌ನೆಟ್ ನಿಧಾನ. ಐದರಲ್ಲಿ ಒಂದಕ್ಕಿಂತ ಹೆಚ್ಚು ಫೋಟೊಗಳನ್ನು 'ಸ್ಪಷ್ಟವಾಗಿಲ್ಲ' ಅಂತ ಯಂತ್ರ ತಳ್ಳಿಹಾಕಿತು. ಹಾಗೆ ತಳ್ಳಿದರೆ ರೋಗಿ ಇನ್ನೊಂದು ದಿನ ಕೆಲಸ ಬಿಟ್ಟು ದೂರದ ಆಸ್ಪತ್ರೆಗೆ ಹೋಗಬೇಕು. ಇದು ನೋಡಿ ಕೆಲವು ನರ್ಸ್‌ಗಳು 'ನೀವು ಈ ಪ್ರಯೋಗಕ್ಕೆ ಸೇರಬೇಡಿ' ಅಂತ ರೋಗಿಗಳಿಗೆ ಹೇಳತೊಡಗಿದರಂತೆ. ನನಗೆ ಅವರ ಮೇಲೆ ಗೌರವ ಬಂತು. ಗೂಗಲ್‌ನವರೇ ಇದನ್ನೆಲ್ಲ 2020ರಲ್ಲಿ ಮುಚ್ಚಿಡದೆ ಬರೆದರು, ಅದನ್ನೂ ಮೆಚ್ಚಬೇಕು.

ಯಂತ್ರ ದಡ್ಡ ಅಂತ ನಾನು ಹೇಳುತ್ತಿಲ್ಲ. ಶುಗರ್ ಇರುವ ಕೋಟ್ಯಂತರ ಜನರ ಕಣ್ಣು ನೋಡಲು ತಜ್ಞರು ಸಾಲುವುದಿಲ್ಲ, ಯಂತ್ರ ಬೇಕೇ ಬೇಕು. ಆದರೆ ನಮ್ಮ ದುಡ್ಡೆಲ್ಲ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಕ್ಯಾಮೆರಾ ಹಿಡಿಯುವವರಿಗೆ, ಫೋನ್ ಮಾಡಿ 'ಅಮ್ಮಾ, ಮಗು ಕರೆದುಕೊಂಡು ಬನ್ನಿ' ಅನ್ನುವವರಿಗೆ ಉಳಿಯುವುದು ಚಿಲ್ಲರೆ.

ನಮ್ಮ ಆಶಾ ಕಾರ್ಯಕರ್ತೆಯರನ್ನೇ ನೋಡಿ. ಗರ್ಭಿಣಿಯರ, ಹಸುಗೂಸುಗಳ ಲೆಕ್ಕ ಮನೆ ಮನೆ ಸುತ್ತಿ ತರುವವರು ಅವರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಧರಣಿ ಕೂತಿದ್ದರು. ಗೌರವಧನ ಹೆಚ್ಚಿಸಿ ಅನ್ನುವುದರ ಜೊತೆಗೆ ಇನ್ನೊಂದು ದೂರಿತ್ತು. ಪ್ರೋತ್ಸಾಹಧನವನ್ನು ತಾಯಿ-ಮಕ್ಕಳ ಆರೋಗ್ಯದ ಲೆಕ್ಕ ಇಡುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿದ್ದರಿಂದ ಮಾಡಿದ ಕೆಲಸಕ್ಕೂ ದುಡ್ಡು ಸರಿಯಾಗಿ ಬರುತ್ತಿಲ್ಲ ಅಂತ. ಡೇಟಾ ತಂದವಳ ಕೂಲಿಗೇ ಡೇಟಾ ಅಡ್ಡ ಬಂದಿದೆ! ಅದೇ ಡೇಟಾ ಮೇಲೆ ನಾಳೆ ನನ್ನಂಥ ಯಾರೋ ಎಸಿ ರೂಮಿನಲ್ಲಿ ಕೂತು ಮಾಡೆಲ್ ಕಟ್ಟುತ್ತಾನೆ. ಅವನ ಸಂಬಳ ಮಾತ್ರ ಒಂದನೇ ತಾರೀಕಿಗೆ ಬಂದಿರುತ್ತದೆ. ಆರೋಗ್ಯಕ್ಕೆ ಹೊಸ ಆ್ಯಪ್ ಮಾಡುವವರು ಮೊದಲು ಈ ಬಾಕಿ ತೀರಿಸಲಿ, ಆಮೇಲೆ ನಿಖರತೆಯ ಮಾತು.