ಮೆಂತ್ಯವೂ ಇರಲಿ, ಮಾತ್ರೆಯೂ ಇರಲಿ

ಅಮ್ಮನಿಗೆ ಶುಗರ್ ಬಂದು ಹನ್ನೊಂದು ವರ್ಷ. ಎರಡು ವರ್ಷದ ಹಿಂದೆ ಯಾರೋ ಕಳಿಸಿದ ವಿಡಿಯೋ ನೋಡಿ, ನಮಗೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಬೆಳಿಗ್ಗೆ ಸಂಜೆ ಬಿಸಿ ನೀರಿಗೆ ಚಕ್ಕೆ ಪುಡಿ ಹಾಕಿ ಕುಡಿಯುತ್ತಿದ್ದರು. ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರ್ ಲೆಕ್ಕ, 7.2ರಿಂದ 9.6ಕ್ಕೆ ಏರಿತ್ತು. ರಿಪೋರ್ಟ್ ನೋಡಿ ನಾನು ರೇಗಿದೆ. ರೇಗಬಾರದಿತ್ತು. ವರ್ಷಗಟ್ಟಲೆ ಮಾತ್ರೆ ನುಂಗಿ ಸಾಕಾದವರಿಗೆ, ಅಡುಗೆಮನೆಯ ಡಬ್ಬಿಯಲ್ಲೇ ಮದ್ದಿದೆ ಅಂದರೆ ಆಸೆ ಆಗುತ್ತದೆ ಅಲ್ವಾ?

ಆಮೇಲೆ ನಾನೂ ಕೂತು ಓದಿದೆ. ಗಿಡದಲ್ಲಿ ಮದ್ದಿದೆ ಅನ್ನುವುದು ಸುಳ್ಳಲ್ಲ. ಅಮ್ಮ ಬಿಟ್ಟ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೇ ಗಲೇಗಾ ಅನ್ನುವ ಗಿಡ. ಅದರಲ್ಲಿರುವ ಒಂದು ಅಂಶ ಶುಗರ್ ಇಳಿಸುತ್ತದೆ, ಆದರೆ ಆ ಗಿಡ ಕುರಿಗಳಿಗೆ ವಿಷ. ಅದೇ ಬಗೆಯ, ಅಪಾಯ ಕಡಿಮೆ ಇರುವ ಮೆಟ್‌ಫಾರ್ಮಿನ್ ಅನ್ನು ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಫ್ರಾನ್ಸಿನಲ್ಲಿ ಹೊರಬಂದದ್ದು 1957ರಲ್ಲಿ. ಗಿಡದ ಗುಣ ಅಳತೆಗೆ ಸಿಕ್ಕಿದ ಮೇಲೆಯೇ ಅದು ಮಾತ್ರೆಯಾಯಿತು.

ಚಕ್ಕೆಯ ಕಥೆ ಬೇರೆ. 2003ರಲ್ಲಿ ಪಾಕಿಸ್ತಾನದ 60 ಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ದಿನಕ್ಕೆ 1ರಿಂದ 6 ಗ್ರಾಂ ತಿಂದವರಿಗೆ 40 ದಿನದಲ್ಲಿ ಖಾಲಿ ಹೊಟ್ಟೆಯ ಶುಗರ್ ಇಳಿದಿತ್ತು. ಎಲ್ಲರೂ ಹಂಚಿಕೊಳ್ಳುವುದು ಇಷ್ಟನ್ನೇ. ಆಮೇಲಿನ ಕೆಲವು ಪ್ರಯೋಗಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಕ್ಯಾಸಿಯಾ ಜಾತಿಯ ಚಕ್ಕೆಯಲ್ಲಿ ಕೂಮರಿನ್ ಅನ್ನುವ ರಾಸಾಯನಿಕ ಜಾಸ್ತಿ. ಚಮಚಗಟ್ಟಲೆ ದಿನಾ ತಿಂದರೆ ಕೆಲವರ ಲಿವರ್‌ಗೆ ಪೆಟ್ಟು.

ರೋಸ್‌ಮೇರಿ, ಒರೆಗಾನೊ, ಮರುಗದ ಸಾರ ಡಿಪಿಪಿ-4 ಅನ್ನುವ ಕಿಣ್ವವನ್ನು ತಡೆಯುತ್ತದೆ ಅಂತ 2014ರ ಒಂದು ಅಧ್ಯಯನದಲ್ಲಿ ಕಂಡಿತ್ತು. ಶುಗರ್‌ಗೆ ಕೊಡುವ ಗ್ಲಿಪ್ಟಿನ್ ಮಾತ್ರೆಗಳು ತಡೆಯುವುದೂ ಇದನ್ನೇ. ಆದರೆ ಅದು ಲ್ಯಾಬಿನಲ್ಲಿ ನಡೆದದ್ದು, ಮನುಷ್ಯರ ಮೇಲಲ್ಲ. ನನಗೆ ಹೆಚ್ಚು ನಂಬಿಕೆ ಬಂದದ್ದು ಮೆಂತ್ಯದ ಮೇಲೆ. ಅದರ ನಾರು ನೀರಲ್ಲಿ ಲೋಳೆಯಾಗಿ, ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಕೆಲಸ ಮಾಡುತ್ತದೆ ಅನ್ನುವ ಕಾರಣಕ್ಕೇ ಹುಷಾರಾಗಿರಬೇಕು. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುವವರು ಮೆಂತ್ಯವನ್ನೂ ಜಾಸ್ತಿ ತಿಂದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಕೈ ನಡುಕ, ಬೆವರು, ಕಣ್ಣು ಮಂಜಾದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರಂತೂ ಕೇಳದೆ ಮೆಂತ್ಯದ ಪುಡಿ, ಕ್ಯಾಪ್ಸೂಲ್ ಶುರು ಮಾಡಲೇಬಾರದು.

ಸೊಪ್ಪು ಮಸಾಲೆಗಳ ದೊಡ್ಡ ಉಪಕಾರ ಇನ್ನೊಂದಿದೆ, ಅದರ ಬಗ್ಗೆ ಮಾತೇ ಕಡಿಮೆ. ಶುಗರ್ ಇರುವ ಬಹಳ ಜನರಿಗೆ ಬಿಪಿಯೂ ಇರುತ್ತದೆ. ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪು ಕಡಿಮೆ ಮಾಡಿದ ಅಡುಗೆ ಸಪ್ಪೆ, ನಾಲ್ಕು ದಿನಕ್ಕೆ ಬೇಜಾರು. ಕೊತ್ತಂಬರಿ, ಪುದೀನ, ಬೆಳ್ಳುಳ್ಳಿ ಧಾರಾಳವಾಗಿ ಹಾಕಿದರೆ ಅದೇ ಅಡುಗೆ ಬಾಯಿಗೆ ಹಿಡಿಸುತ್ತದೆ. ಪಥ್ಯ ವರ್ಷಾನುಗಟ್ಟಲೆ ನಡೆಯಬೇಕಾದರೆ ರುಚಿ ಬೇಕೇ ಬೇಕು.

ಅಮ್ಮ ಮತ್ತೆ ಮಾತ್ರೆ ಶುರು ಮಾಡಿದರು. ಚಕ್ಕೆ ನೀರು ಬಿಟ್ಟರು, ಮೆಂತ್ಯ ಇಟ್ಟುಕೊಂಡರು. ಮೊನ್ನೆ ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರೆಗಳ ಪಟ್ಟಿಯ ಕೆಳಗೆ ದಿನಕ್ಕೆ ಎಷ್ಟು ಚಮಚ ಮೆಂತ್ಯ ಅಂತಲೂ ತಾವೇ ಬರೆದುಕೊಂಡಿದ್ದರು. ಡಾಕ್ಟರ್ ಅದನ್ನೂ ಓದಿದರು. ಎಚ್‌ಬಿಎ1ಸಿ 7.3 ಇದೆ.