ಮುನಿರಾಬಾದಿನ ವೆಲ್ಡರ್ ದೊಡ್ಡಪ್ಪ

ಕಳೆದ ತಿಂಗಳು ನಮ್ಮ ದೊಡ್ಡಪ್ಪ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ 1971ರ ಯುದ್ಧವನ್ನೇ ನೆನೆದರು. ನೆನೆಯಬೇಕಾದದ್ದೇ. ಅವರು ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರು. ಬೆಂಗಳೂರಿನ ಹಲಸೂರಿನಲ್ಲಿ ತರಬೇತಿ, ಆಮೇಲೆ ಪೂರ್ವದ ಗಡಿ. ಸೈನ್ಯ ದಾಟಲಿಕ್ಕೆ ಹೊಳೆಗೆ ಸೇತುವೆ ಹಾಕುವುದು, ಹೂತಿಟ್ಟ ಮೈನ್ ತೆಗೆಯುವುದು ಅವರ ಕೆಲಸ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾದಾಗ ಅವರಿನ್ನೂ ಮೀಸೆ ಚಿಗುರಿದ ಹುಡುಗ.

ಆದರೆ ಕಾರ್ಖಾನೆಯ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಅದು ನನಗೆ ತುಂಬಾ ನೋವಾಯಿತು.

ಸೈನ್ಯದಿಂದ ಬಂದ ಮೇಲೆ ಅವರು ದುಡಿದದ್ದು ಮುನಿರಾಬಾದಿನಿಂದ ತುಂಗಭದ್ರಾ ಡ್ಯಾಮಿನ ಆಚೆ ದಂಡೆಯಲ್ಲಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ. ಅಣೆಕಟ್ಟುಗಳಿಗೆ ಗೇಟು, ಕ್ರೇನು ಮಾಡುತ್ತಿದ್ದ ಕಾರ್ಖಾನೆ ಅದು. ದೊಡ್ಡಪ್ಪ ವೆಲ್ಡರ್. ಮೊಣಕೈವರೆಗೂ ಕಿಡಿ ಸಿಡಿದ ಸಣ್ಣ ಸಣ್ಣ ಬಿಳಿ ಕಲೆಗಳು. ಮಳೆಗಾಲದಲ್ಲಿ ವೆಲ್ಡಿಂಗ್ ರಾಡನ್ನು ಓವನ್‌ನಲ್ಲಿ ಒಣಗಿಸದೆ ಮುಟ್ಟುತ್ತಿರಲಿಲ್ಲವಂತೆ. ತೇವ ಹಿಡಿದ ರಾಡಿನಿಂದ ಹಾಕಿದ ಬೆಸುಗೆ ಮೇಲೆ ನುಣ್ಣಗೆ ಕಾಣುತ್ತದೆ, ಒಳಗೆ ಸೂಜಿಮೊನೆಯಷ್ಟು ತೂತು ಉಳಿದಿರುತ್ತದೆ. "ಸಾಹೇಬರ ಕಣ್ಣು ತಪ್ಪಿಸಬಹುದು ತಮ್ಮಾ, ನೀರಿನ ಕಣ್ಣು ತಪ್ಪಿಸಾಕ ಆಗಂಗಿಲ್ಲ" ಅನ್ನುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಅವರ ಗೇಟಿನ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿಯೇ ಒಳಗೆ ಬರುತ್ತಿದ್ದರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆಗ ಅವರು ಟಿವಿ ಮುಂದಿನಿಂದ ಏಳಲೇ ಇಲ್ಲ. 60 ಅಡಿ ಅಗಲ, 20 ಅಡಿ ಎತ್ತರದ ಗೇಟು. ಒಟ್ಟು 33ರಲ್ಲಿ ಒಂದು ಹೋದದ್ದಕ್ಕೆ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರ ಎದೆ ಧಸಕ್ ಅಂದಿತ್ತು. ಡ್ಯಾಮು ಖಾಲಿ ಮಾಡದೆ, ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿದರು, ಅಂದರೆ ಗೇಟಿನ ಜಾಗದಲ್ಲಿ ಒಂದರ ಮೇಲೊಂದು ಕೂರಿಸುವ ತಾತ್ಕಾಲಿಕ ಉಕ್ಕಿನ ತಡೆ. ಅದಕ್ಕೆ ನಿವೃತ್ತಿಯಾಗಿದ್ದ ಡ್ಯಾಮ್ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದ್ದರು. ಮೊದಲ ಭಾಗ ಸರಿಯಾಗಿ ಕೂತಾಗ ದೊಡ್ಡಪ್ಪ ಜೋರಾಗಿ ಚಪ್ಪಾಳೆ ತಟ್ಟಿದರು. ಅಷ್ಟು ಖುಷಿಯಾಗಿ ಅವರನ್ನು ಬಹಳ ದಿನದಿಂದ ನೋಡಿರಲಿಲ್ಲ.

ಅವರ ಕಾರ್ಖಾನೆ ಮುಚ್ಚಲು ಕೇಂದ್ರ ಸಂಪುಟ 2015ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಲಾಭ ನಷ್ಟದ ಲೆಕ್ಕ ಏನೇ ಇರಲಿ. ಕಬ್ಬಿಣದ ಜೊತೆ ಬಾಳಿದವರ ಕೈಯಲ್ಲಿದ್ದ ತಿಳಿವಳಿಕೆಯನ್ನು ಯಾರಾದರೂ ಬರೆದಿಟ್ಟರಾ? ನನಗೆ ಗೊತ್ತಿರುವಂತೆ ನಮ್ಮ ದೊಡ್ಡಪ್ಪನನ್ನಂತೂ ಯಾರೂ ಬಂದು ಕೇಳಲಿಲ್ಲ. ಆಗಸ್ಟ್ 15ಕ್ಕೆ ಶಾಲೆಯವರು ಕರೆದು ಶಾಲು ಹೊದಿಸುತ್ತಿದ್ದರು. ಮಾಜಿ ಸೈನಿಕರು ಅಂತ. ಸಂತೋಷವೇ. ಆದರೆ ಮಕ್ಕಳಿಗೆ "ಇವರು ಡ್ಯಾಮುಗಳಿಗೆ ಗೇಟು ಮಾಡಿದವರು" ಅಂತ ಒಮ್ಮೆಯಾದರೂ ಹೇಳಬಹುದಿತ್ತು ಅಲ್ವಾ? ನಾವು ಉಣ್ಣುವ ಸೋನಾ ಮಸೂರಿ ಡ್ಯಾಮಿನ ನೀರಲ್ಲೇ ಬೆಳೆದದ್ದು. ದೇಶಸೇವೆ ಅಂದರೆ ಸಮವಸ್ತ್ರ ಹಾಕಿಕೊಂಡ ವರ್ಷಗಳು ಮಾತ್ರ ಅಂತ ನಾನು ಒಪ್ಪುವುದಿಲ್ಲ. ಖಾಕಿ ಅಂಗಿಯಲ್ಲಿ, ಬೇಸಿಗೆಯ ಶೆಡ್ಡಿನಲ್ಲಿ, ಮುಖಕ್ಕೆ ಶೀಲ್ಡ್ ಹಿಡಿದು ಕೂತ ವರ್ಷಗಳೇ ಅವರ ಬದುಕಿನಲ್ಲಿ ಜಾಸ್ತಿ.

ಅವರ ಜೊತೆ ಕೆಲಸ ಮಾಡಿದ ಕೆಲವರು ಹೊಸಪೇಟೆ, ಹುಲಿಗಿ ಕಡೆ ಇನ್ನೂ ಇದ್ದಾರೆ. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಶುರು ಮಾಡಿದ್ದೇನೆ. ನಿಮ್ಮ ಮನೆಯಲ್ಲೂ ಫಿಟ್ಟರ್, ವೆಲ್ಡರ್, ಕ್ರೇನ್ ಆಪರೇಟರ್ ಆಗಿದ್ದ ಹಿರಿಯರು ಇದ್ದರೆ ದಯವಿಟ್ಟು ತಿಳಿಸಿ, ನಾನೇ ಬರುತ್ತೇನೆ.