ಸ್ಪಷ್ಟನೆ: ಸ್ಲ್ಯಾಕ್‌ವೇರ್ ಸಿಸ್ಟಮ್‌ಡಿಯನ್ನು ಅಳವಡಿಸಿಕೊಂಡಿಲ್ಲ

ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಸ್ಲ್ಯಾಕ್‌ವೇರ್ ತನ್ನ 15.0 ಆವೃತ್ತಿಯಲ್ಲಿ ಪ್ಯಾಮ್ (ಬಳಕೆದಾರರ ಗುರುತು ಪರೀಕ್ಷಿಸುವ ಏರ್ಪಾಡು) ಸೇರಿಸಿಕೊಂಡಾಗಲೇ ಹಳೆಯ ಯುನಿಕ್ಸ್ ಶೈಲಿಯನ್ನು ಕೈಬಿಟ್ಟು, ಯಂತ್ರ ಶುರುವಾದಾಗ ಸೇವೆಗಳನ್ನು ಆರಂಭಿಸಿ ನಿರ್ವಹಿಸುವ ತಂತ್ರಾಂಶವಾದ ಸಿಸ್ಟಮ್‌ಡಿಯ ದಾರಿ ಹಿಡಿಯಿತು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಪ್ಯಾಮ್ ಮತ್ತು ಸಿಸ್ಟಮ್‌ಡಿ ಬೇರೆ ಬೇರೆ. ಪ್ಯಾಮ್ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಮುಂದಿಟ್ಟ ವಿನ್ಯಾಸ. ಸಿಸ್ಟಮ್‌ಡಿ ಬಂದದ್ದು 2010ರಲ್ಲಿ. ಲಾಗಿನ್, ಸುಡೊ (ನಿರ್ವಾಹಕರ ಅಧಿಕಾರದಲ್ಲಿ ಆಜ್ಞೆ ನಡೆಸುವ ಸಾಧನ) ಮುಂತಾದ ಪ್ರೋಗ್ರಾಮುಗಳು ಪಾಸ್‌ವರ್ಡ್ ಪರೀಕ್ಷಿಸುವ ಕೆಲಸವನ್ನು ಪ್ಯಾಮ್‌ಗೆ ಒಪ್ಪಿಸುವುದರಿಂದ, ನೂರಾರು ಯಂತ್ರಗಳಿರುವ ಸಂಸ್ಥೆಯೊಂದು ಆ ಪ್ರೋಗ್ರಾಮುಗಳನ್ನು ಮುಟ್ಟದೆಯೇ ಕರ್ಬರೋಸ್ ಅಥವಾ ಎಲ್‌ಡಿಎಪಿಯಂಥ ಕೇಂದ್ರೀಕೃತ ಖಾತೆ ವ್ಯವಸ್ಥೆಗಳ ಮೂಲಕ ಎಲ್ಲರ ಖಾತೆಗಳನ್ನು ಒಂದೇ ಕಡೆಯಿಂದ ನಿರ್ವಹಿಸಬಹುದು. ಪ್ಯಾಮ್‌ನ ಸಂರಚನೆಯೂ ಸಾದಾ ಪಠ್ಯ ಕಡತಗಳಲ್ಲೇ ಇರುತ್ತದೆ. ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದು.

1993ರಿಂದ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರು ಮುನ್ನಡೆಸುತ್ತಿರುವ ಸ್ಲ್ಯಾಕ್‌ವೇರ್‌ನಲ್ಲಿ ಸೇವೆಗಳನ್ನು ಆರಂಭಿಸುವುದು ಇಂದಿಗೂ ಬಿಎಸ್‌ಡಿ (ಯುನಿಕ್ಸ್‌ನ ಒಂದು ಶಾಖೆ) ಮಾದರಿಯ ಶೆಲ್ ಸ್ಕ್ರಿಪ್ಟುಗಳೇ, ಅಂದರೆ ಆಜ್ಞೆಗಳನ್ನು ಬರೆದಿಟ್ಟ ಪಠ್ಯ ಕಡತಗಳೇ. ವೆಬ್ ಸರ್ವರ್ ಯಂತ್ರದೊಂದಿಗೇ ಶುರುವಾಗಬೇಕೆಂದರೆ ಅದರ ಸ್ಕ್ರಿಪ್ಟಿಗೆ 'chmod' ಆಜ್ಞೆಯಿಂದ ಕಾರ್ಯಗತಗೊಳಿಸುವ ಅನುಮತಿ ಕೊಟ್ಟರಾಯಿತು. ಬೇಡವಾದರೆ ಅದನ್ನೇ ಹಿಂತೆಗೆದುಕೊಳ್ಳಬಹುದು. ಇಷ್ಟು ನೇರವಾದ ಏರ್ಪಾಡು ಉಳಿದುಕೊಂಡಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಸಂಗತಿ.

ಗೊಂದಲಕ್ಕೆ ಕಾರಣ ಬಹುಶಃ ಇಲಾಗಿನ್‌ಡಿ (elogind). ಡೆಸ್ಕ್‌ಟಾಪ್‌ಗಳಿಗೆ ಬೇಕಾದ ಲಾಗಿನ್ ಅವಧಿಯ ನಿರ್ವಹಣೆಯನ್ನು ಮಾತ್ರ ಸಿಸ್ಟಮ್‌ಡಿಯಿಂದ ಬೇರ್ಪಡಿಸಿ ರೂಪಿಸಿದ ಸ್ವತಂತ್ರ ತಂತ್ರಾಂಶವದು, 15.0ರಲ್ಲಿ ಅದಿದೆ, ಸಿಸ್ಟಮ್‌ಡಿ ಇಲ್ಲ.

2016ರ 14.2 ಆವೃತ್ತಿಯ ನಂತರ 15.0ಕ್ಕಾಗಿ 2022ರ ಫೆಬ್ರುವರಿವರೆಗೆ ಕಾಯಬೇಕಾಯಿತು ಎಂಬ ದೂರು ಮಾತ್ರ ನ್ಯಾಯವಾದದ್ದೇ.